ಪೆಡಸು ಅಳೆದ ಶಾಮಣ್ಣ ಮೇಷ್ಟ್ರು

ಶಾಮಣ್ಣನವರಿಗೆ ಯಾರಿಂದಲಾದರೂ ಗುಲಗಂಜಿಯಷ್ಟು ಉಪಕಾರವಾದರೆ ಅದನ್ನು ನಾಲ್ಕು ಜನರೆದುರು ಹೇಳಿಕೊಳ್ಳುವ ತನಕ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಯಾರೋ ಟವೆಲು ಹಾಕಿ ಸೀಟು ಹಿಡಿದುಕೊಟ್ಟರೆ, ಪಾಂಡವಪುರ ಮುಟ್ಟುವುದರೊಳಗೆ ಸುತ್ತಲಿನ ಮೂರು ಸೀಟಿನವರಿಗೆ ಆ ಪುಣ್ಯಾತ್ಮನ ಹೆಸರು, ಊರು, ಅವನ ಮಗಳು ಓದುತ್ತಿದ್ದ ತರಗತಿ ಎಲ್ಲ ತಿಳಿದುಹೋಗಿರುತ್ತಿತ್ತು. ತರಗತಿಯಲ್ಲಿ ಒಂದು ಲೆಕ್ಕ ಬಿಡಿಸಿದರೆ ಬೋರ್ಡಿನ ಬಲಮೂಲೆಯಲ್ಲಿ, ಆ ದಾರಿಯನ್ನು ತಮಗೆ ತೋರಿಸಿಕೊಟ್ಟವರ ಹೆಸರನ್ನು ದುಂಡಗೆ ಬರೆಯುತ್ತಿದ್ದರು. ಒಮ್ಮೆ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಅವರ ಭಾಗಾಕಾರದ ತಪ್ಪನ್ನು ತಿದ್ದಿದ್ದಕ್ಕೆ ಅವನ ಹೆಸರು ವಾರವಿಡೀ ಆ ಮೂಲೆಯಲ್ಲಿ ರಾರಾಜಿಸಿತು. ಒರೆಸಕೂಡದೆಂದು ಜವಾನನಿಗೆ ತಾಕೀತು ಬೇರೆ. ಇನ್ನೊಬ್ಬರ ದುಡಿಮೆಯನ್ನು ಅವರ ಹೆಸರೆತ್ತದೆ ಬಳಸುವುದು ಕಳ್ಳತನ ಎಂದು ಅವರು ಪ್ರತಿ ವರ್ಷ ಹೊಸ ಬ್ಯಾಚಿಗೆ ಹೇಳುತ್ತಿದ್ದರು, ಮತ್ತು ಆ ಮಾತನ್ನು ಮೊದಲು ಹೇಳಿದವರು ತಮ್ಮ ಗುರುಗಳೆಂದು ಅವರ ಹೆಸರನ್ನೂ ಸೇರಿಸುತ್ತಿದ್ದರು.

ನಾಗಮಂಗಲದ ಕಡೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಅವರು ಆಟೋಮೊಬೈಲ್ ವಿಭಾಗದ ಮೇಷ್ಟ್ರು. ನಾನು ಅಲ್ಲೇ ಇಂಗ್ಲಿಷ್ ಹೇಳಿಕೊಡುತ್ತಿದ್ದವನು. ಇಬ್ಬರೂ ಶ್ರೀರಂಗಪಟ್ಟಣದವರಾದ್ದರಿಂದ ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿದೆವು. ಸಣಕಲು ಆಳು. ಎಡಭುಜ ಕಾಲಿಗಿಂತ ಅರ್ಧ ಹೆಜ್ಜೆ ಮುಂದಿರುವಂತೆ, ಕಾಣದ ಬಾಗಿಲೊಂದನ್ನು ಸದಾ ತಳ್ಳಿಕೊಂಡು ಹೋಗುತ್ತಿರುವವರ ಹಾಗೆ ನಡೆಯುತ್ತಿದ್ದರು. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಮೈಮೇಲೊಂದು ಬೂದುಬಣ್ಣದ ಕೋಟು; ಅದರ ಜೇಬುಗಳಲ್ಲಿ ವರ್ನಿಯರ್ ಕ್ಯಾಲಿಪರ್ಸ್, ಟೈರಿನ ಗಾಳಿ ನೋಡುವ ಗೇಜು, ಒಂದು ತುಂಡು ಸೀಮೆಸುಣ್ಣ ಮತ್ತು ದೇವಸ್ಥಾನದ ಕುಂಕುಮದ ಪೊಟ್ಟಣ ಅನ್ಯೋನ್ಯವಾಗಿ ವಾಸಿಸುತ್ತಿದ್ದವು. ಏನನ್ನೇ ವಿವರಿಸಲಿ, ನಡುನಡುವೆ ನಿಲ್ಲಿಸಿ, ಕಣ್ಣು ಕಿರಿದು ಮಾಡಿ, "ಅಂದರೆ ಏನಾಯಿತು?" ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು.

ಇಂಥ ಮನುಷ್ಯನ ಬಳಿಗೆ ತೊಂಬತ್ತಮೂರನೆಯ ಇಸವಿಯಲ್ಲಿ ಚಿನಕುರಳಿಯ ರವೀಂದ್ರ ಬಂದ. ಹೊಲ, ಹಸು, ಟ್ರ್ಯಾಕ್ಟರು ಎಲ್ಲ ಇದ್ದ ಶಿವಣ್ಣನವರ ಹಿರಿಯ ಮಗ. ಅಪ್ಪ ಹಾಲಿನ ಡೇರಿಯ ಕೆಲಸಕ್ಕೆಂದು ಕೊಂಡ ಹಳೆಯ ಮಾರುತಿ ಕಾರಿನ ಹಿಂದಿನ ಸೀಟು ಕಿತ್ತು, ಒಳಗೆ ಕಬ್ಬಿಣದ ಪಂಜರ ಬೆಸೆಸಿ, ಅದನ್ನು ರೇಸಿಗೆ ಇಳಿಸಿದ್ದ. ಮದರಾಸಿನ ಬಳಿಯ ರೇಸಿನ ಹಾದಿಯಲ್ಲಿ ಎರಡು ಸಲ ಓಡಿಸಿ ಎರಡು ಸಲವೂ ಕೊನೆಯ ಸಾಲಿನಲ್ಲಿ ಬಂದಿದ್ದ. ಯಾರೋ ಶಾಮಣ್ಣನವರ ಹೆಸರು ಹೇಳಿದರಂತೆ. ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು ಅವನು ತನ್ನ ಕಷ್ಟ ತೋಡಿಕೊಂಡದ್ದು ನನಗಿನ್ನೂ ನೆನಪಿದೆ.

"ನೇರಕ್ಕೆ ಚೆಂದಾಗ್ ಓಡ್ತದೆ ಮೇಷ್ಟ್ರೇ. ತಿರುವು ಬಂತೂ ಅಂದ್ರೆ ನಾನ್ ಇಂಗೆ ತಿರುಗ್ಸುದ್ರೆ ಅದು ಅಂಗೇ ಮೂತಿ ಆಚಿಕ್ ಆಕ್ಬುಡ್ತದೆ."

ಎಲ್ಲರೂ ಮುಂದಿನ ಸ್ಪ್ರಿಂಗ್ ಬಿಗಿ ಮಾಡಿಸು ಎಂದಿದ್ದರು, ಅವನು ಮಾಡಿಸಿದ್ದ, ಕಾರು ಇನ್ನಷ್ಟು ಹಟಮಾರಿಯಾಗಿತ್ತು. ಶಾಮಣ್ಣನವರು ಬೋರ್ಡಿನ ಮೇಲೆ ಒಂದು ಚಕ್ರ ಬರೆದರು. ಸ್ಪ್ರಿಂಗು ಎಷ್ಟು ಪೆಡಸು ಎಂಬುದನ್ನು ತೂಕವಿಟ್ಟು ನೋಡಿ ಹೇಳಬಹುದು. ಆದರೆ ಅದರ ಕೆಳಗೆ ನೆಲಕ್ಕೆ ಅಂಟಿ ಕೂತಿರುವ ಟೈರೂ ಒಂದು ಸ್ಪ್ರಿಂಗೇ. ಅದೂ ಮೇಲಿನಿಂದ ಒತ್ತಿದರೆ ಕುಗ್ಗುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ನುಲಿಯುತ್ತದೆ. ಅದರ ಪೆಡಸು ಗೊತ್ತಿಲ್ಲದೆ ಮೇಲಿನ ಸ್ಪ್ರಿಂಗನ್ನು ಬಿಗಿ ಮಾಡುವುದೆಂದರೆ ಕಾಲಿನ ಅಳತೆ ತಿಳಿಯದೆ ಪಾದರಕ್ಷೆ ಹೊಲಿದ ಹಾಗೆ. ಇಷ್ಟು ಹೇಳಿ ಸೀಮೆಸುಣ್ಣ ಕೆಳಗಿಟ್ಟರು. ಆ ಅಂಕಿ ಎಲ್ಲಿ ಸಿಗುತ್ತದೆ ಎಂದು ರವೀಂದ್ರ ಕೇಳಿದ. ಹುಡುಕೋಣ ಎಂದರು. ಆ ಒಂದು ಮಾತು ಅವರ ಬದುಕಿನ ಮೂರು ವರ್ಷಗಳನ್ನು ತಿಂದುಹಾಕಿತು.

ಮೇಲಿನಿಂದ ಒತ್ತಿದಾಗಿನ ಪೆಡಸು ಸುಲಭವಾಗಿಯೇ ಸಿಕ್ಕಿತು. ಚಿನಕುರಳಿಯ ಕ್ವಾರಿಯಿಂದ ತೂಗಿ ತಂದ ಸೈಜುಗಲ್ಲುಗಳನ್ನು ಒಂದೊಂದಾಗಿ ಹೇರುತ್ತ, ಶಿವಣ್ಣನವರ ಟ್ರ್ಯಾಕ್ಟರ್ ಶೆಡ್ಡಿನ ನೆಲದ ಮೇಲೆ ಮಂಡಿಯೂರಿ, ಟೈರು ಎಷ್ಟೆಷ್ಟು ಕುಗ್ಗಿತೆಂದು ಕೂದಲೆಳೆಯಷ್ಟೂ ಬಿಡದೆ ಬರೆದುಕೊಂಡರು. ಕಷ್ಟವಿದ್ದದ್ದು ಪಕ್ಕದ ಪೆಡಸಿನಲ್ಲಿ. ಚಕ್ರ ಉರುಳುತ್ತಿರುವಾಗಲೇ ಅದನ್ನು ಒಂದು ಡಿಗ್ರಿ, ಎರಡು ಡಿಗ್ರಿ ಓರೆ ಮಾಡಿ, ನೆಲ ಅದನ್ನು ಪಕ್ಕಕ್ಕೆ ಎಷ್ಟು ಬಲದಿಂದ ನೂಕುತ್ತದೆ ಎಂದು ನೋಡಬೇಕು. ಅದಕ್ಕೆ ದೊಡ್ಡ ಯಂತ್ರ ಬೇಕು, ಅದು ಟೈರು ಮಾಡುವ ಕಾರ್ಖಾನೆಗಳಲ್ಲಿ ಮಾತ್ರ ಇರುತ್ತದೆ ಎಂದು ಅವರು ಓದಿದ್ದರು, ಹಾಗೆಯೇ ನಂಬಿದ್ದರು.

ಕಾಗದ ಬರೆಯತೊಡಗಿದರು. ಪ್ರತಿಯೊಂದನ್ನೂ ಬಸ್ಸಿನಲ್ಲಿ ನನ್ನ ಕೈಗಿತ್ತು ಇಂಗ್ಲಿಷ್ ತಿದ್ದಿಸಿಕೊಳ್ಳುತ್ತಿದ್ದರು, ಕೊನೆಯಲ್ಲಿ ನನ್ನ ಹೆಸರು ಹಾಕಿ ಇವರು ಭಾಷೆ ತಿದ್ದಿದ್ದಾರೆ ಎಂದು ಬರೆಯಲು ಹೊರಡುತ್ತಿದ್ದರು, ನಾನು ಹೊಡೆದುಹಾಕುತ್ತಿದ್ದೆ. ಎರಡು ವರ್ಷದಲ್ಲಿ ಹನ್ನೊಂದು ಕಾಗದ. ಒಂದು ಕಂಪನಿ ಬಣ್ಣದ ಕ್ಯಾಲೆಂಡರು ಕಳಿಸಿತು. ಇನ್ನೊಂದು, ಮೈಸೂರಿನ ತಮ್ಮ ಡೀಲರರನ್ನು ಕಾಣಿರೆಂದಿತು. ಮತ್ತೊಂದು, ಅಂಥ ಅಂಕಿಅಂಶಗಳು ಸಂಸ್ಥೆಯ ಗುಟ್ಟಿನ ಆಸ್ತಿಯೆಂದು ಎರಡೇ ಸಾಲಿನಲ್ಲಿ ತಿಳಿಸಿತು. ಆ ಕಾಗದವನ್ನು ಮಾತ್ರ ಶಾಮಣ್ಣನವರು ಮೆಚ್ಚಿಕೊಂಡರು, ನೇರವಾಗಿ ಹೇಳಿದ್ದಾರಲ್ಲ ಎಂದು.

ತೊಂಬತ್ತೈದರ ಗೌರಿಹಬ್ಬಕ್ಕೆ ಸುಮೇಧಾ ರಜೆಯ ಮೇಲೆ ಊರಿಗೆ ಬಂದಿದ್ದಳು. ಶ್ರೀರಂಗಪಟ್ಟಣದ ಕೋಟೆಯೊಳಗೆ, ದೇವಸ್ಥಾನದ ಪರಿಚಾರಕರ ಮನೆಯ ಹುಡುಗಿ. ತಂದೆ ತೀರಿಕೊಂಡ ಮೇಲೆ ತಾಯಿ ಇಂದಿರಮ್ಮ ಪ್ರೈಮರಿ ಸ್ಕೂಲಿನಲ್ಲಿ ಪಾಠ ಹೇಳಿ ಓದಿಸಿದ್ದರು. ನಮ್ಮ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಲೇತು, ಫೈಲು ಹಿಡಿದ ಮೊದಲ ಹೆಣ್ಣುಮಗಳು ಅವಳೇ. ಶಾಮಣ್ಣನವರ ಕೈಕೆಳಗೆ ಡ್ರಾಯಿಂಗ್ ಕಲಿತು, ಹೊರರಾಜ್ಯದ ಒಂದು ಟೈರು ಕಾರ್ಖಾನೆಯ ಪರೀಕ್ಷಾ ವಿಭಾಗ ಸೇರಿ ಮೂರು ವರ್ಷವಾಗಿತ್ತು. ಮೇಷ್ಟ್ರು ಅವಳ ಮನೆಗೆ ಹೋದವರು ಅಂಕಿಯನ್ನು ಕೇಳಲಿಲ್ಲ. ಅಂಥದೊಂದು ಯಂತ್ರ ನಿಮ್ಮಲ್ಲಿದೆಯೇ ಎಂದಷ್ಟೇ ಕೇಳಿದರು. ಅವಳು ಕೈಗಳನ್ನು ಅಗಲಿಸಿ, ಆಳೆತ್ತರದ ಉಕ್ಕಿನ ಡ್ರಮ್ಮು ತಿರುಗುವುದನ್ನೂ, ಅದರ ಮೇಲೆ ಟೈರು ಓರೆಯಾಗಿ ಕೂತು ನರಳುವುದನ್ನೂ ಬಣ್ಣಿಸಿದಳು. ಅಲ್ಲಿಯ ಒಂದು ಹಾಳೆಯೂ ಗೇಟು ದಾಟುವಂತಿಲ್ಲ ಎಂದೂ ಹೇಳಿದಳು. ಬೇಡ ಮಗು, ನಾನು ಕೇಳಲಿಲ್ಲ ಎಂದು ಇವರು ಎದ್ದುಬಂದರು. ಕೇಳಿರಲಿಲ್ಲವೆಂಬುದು ನಿಜ. ಆದರೆ ಹನ್ನೊಂದು ಕಾಗದಗಳ ಕಥೆಯನ್ನು ಕ್ಯಾಲೆಂಡರಿನ ಸಮೇತ ಹೇಳಿ ಬಂದಿದ್ದರು. ಗುರುವಿನ ಮುಖದ ಆಸೆ ಆ ಹುಡುಗಿಗೆ ಕಾಣದಿರಲು ಅವಳೇನು ಕುರುಡಿಯೇ?

ದೀಪಾವಳಿ ಕಳೆದ ಮೇಲೆ ಕಳಿಸಿದವರ ಹೆಸರಿಲ್ಲದ ಒಂದು ಲಕೋಟೆ ಬಂತು. ಒಳಗೆ ಒಂದೇ ಹಾಳೆ. ನಾಲ್ಕು ಕಂಬಸಾಲುಗಳಲ್ಲಿ, ಅವರೇ ಕಲಿಸಿದ ನೆಟ್ಟಗಿನ ಅಕ್ಷರದಲ್ಲಿ, ರವೀಂದ್ರ ಬಳಸುತ್ತಿದ್ದ ಟೈರಿನದೇ ಅಂಕಿಗಳು. ಕೆಳಗೆ ಒಂದು ಸಾಲು: "ಸಾರ್, ಇದು ನಿಮ್ಮ ಕಣ್ಣಿಗೆ ಮಾತ್ರ. ಗುರುತು ಹಾಕಿಕೊಂಡು ಹರಿದುಬಿಡಿ."

ಹಾಳೆ ಓದಿದ ಹತ್ತು ನಿಮಿಷದಲ್ಲಿ ಕಾರಿನ ಹಟಮಾರಿತನದ ಮೂಲ ಅವರಿಗೆ ಹೊಳೆಯಿತು. ಚಕ್ರದ ಮೇಲಿನ ಹೊರೆ ಇಮ್ಮಡಿಯಾದರೆ ಟೈರಿನ ಪಕ್ಕದ ಪೆಡಸು ಇಮ್ಮಡಿಯಾಗುವುದಿಲ್ಲ, ಬರಬರುತ್ತ ಸೋತುಬಿಡುತ್ತದೆ. ಮುಂದಿನ ಸ್ಪ್ರಿಂಗು ಬಿಗಿಯಾದಷ್ಟೂ ತಿರುವಿನಲ್ಲಿ ಮುಂದಿನ ಹೊರಚಕ್ರವೊಂದೇ ಎಲ್ಲ ಹೊರೆ ಹೊರುತ್ತಿತ್ತು, ಹೊತ್ತು ಸೋಲುತ್ತಿತ್ತು. ಮುಂದಿನದನ್ನು ಮೆತ್ತಗೆ ಮಾಡಿ, ಹಿಂದಿನದನ್ನು ಬಿಗಿ ಮಾಡಬೇಕು. ಎಷ್ಟು ಎಂಬುದನ್ನೂ ಆ ಅಂಕಿಗಳೇ ಹೇಳಿದವು. ಮೈಸೂರಿನಲ್ಲಿ ಹೊಸ ಸ್ಪ್ರಿಂಗು ಸುತ್ತಿಸಿ ತಂದರು. ಕಾರನ್ನು ನಾಲೆಯ ಏರಿಯ ಮೇಲೆ ಓಡಿಸಿ ನೋಡಿದ ರವೀಂದ್ರ ಇಳಿದು ಬಂದು, ಮೇಷ್ಟ್ರ ಕೋಟಿನ ತೋಳನ್ನು ಹಿಡಿದುಕೊಂಡನಂತೆ. ಮುಂದಿನ ಫೆಬ್ರವರಿಯಲ್ಲಿ ಮದರಾಸಿನಲ್ಲಿ ಅವನು ತನ್ನ ವರ್ಗದಲ್ಲಿ ಎರಡನೆಯವನಾಗಿ ಬಂದ.

ಬೆಂಗಳೂರಿನಿಂದ ಹೊರಡುತ್ತಿದ್ದ ಒಂದು ಇಂಗ್ಲಿಷ್ ಮೋಟಾರು ಮಾಸಪತ್ರಿಕೆಯವರು, ಹಳ್ಳಿಯ ಶೆಡ್ಡಿನಲ್ಲಿ ಇದು ಹೇಗಾಯಿತೆಂದು ಬರೆದುಕೊಡಿ ಎಂದರು. ಶಾಮಣ್ಣನವರು ಎರಡು ಪುಟ ಬರೆದರು. ಅಂಕಿಗಳನ್ನು ಕೊಡಲಿಲ್ಲ, ಹೊರೆ ಏರಿದಂತೆ ಪೆಡಸು ಸೋಲುವುದನ್ನು ತೋರಿಸುವ ಗೆರೆಯ ಆಕಾರವನ್ನಷ್ಟೇ ಬರೆದರು. ಅಷ್ಟು ಎಚ್ಚರ ಅವರಿಗಿತ್ತು. ಆದರೆ ಕೊನೆಯ ವಾಕ್ಯದಲ್ಲಿ, ಟೈರಿನ ವಿಷಯದಲ್ಲಿ ತಮಗೆ ದಾರಿ ತೋರಿಸಿದ ವಿದ್ಯಾರ್ಥಿನಿ ಕುಮಾರಿ ಸುಮೇಧಾ, ಇಂಥ ಕಾರ್ಖಾನೆಯ ಪರೀಕ್ಷಾ ವಿಭಾಗ, ಇವರಿಗೆ ತಾವು ಚಿರಋಣಿ ಎಂದು ಬರೆದಿದ್ದರು. ಆ ಕರಡು ಬಸ್ಸಿನಲ್ಲಿ ನನ್ನ ಕೈಗೆ ಬಂತು. ಎರಡು ಕಡೆ ವ್ಯಾಕರಣ ತಿದ್ದಿದೆ. ಆ ಕೊನೆಯ ವಾಕ್ಯವನ್ನು ಓದಿ, ಎಷ್ಟು ಸೊಗಸಾಗಿದೆ ಎಂದುಕೊಂಡು ಹಿಂದಿರುಗಿಸಿದೆ. ಕಾಗದಗಳಲ್ಲಿ ನನ್ನ ಹೆಸರನ್ನು ಹನ್ನೊಂದು ಸಲ ಹೊಡೆದುಹಾಕಿದ್ದ ಪೆನ್ನು ಆ ಹುಡುಗಿಯ ಹೆಸರಿನ ಮೇಲೆ ಆಡಲಿಲ್ಲ. ಅವಳು ಏನು ಕಳಿಸಿದ್ದಳೆಂದು ನನಗೆ ಗೊತ್ತಿತ್ತು. ಯಾವ ಷರತ್ತಿನ ಮೇಲೆಂದು ಕೇಳುವ ವ್ಯವಧಾನ ನನಗಿರಲಿಲ್ಲ.

ಟೈರು ಕಾರ್ಖಾನೆಗಿಂತ ಶ್ರದ್ಧೆಯಿಂದ ಅಂಥ ಪತ್ರಿಕೆಗಳನ್ನು ಓದುವವರು ಇನ್ಯಾರಿರುತ್ತಾರೆ? ಮೇ ತಿಂಗಳಲ್ಲಿ ಸುಮೇಧಾ ಟ್ರಂಕಿನ ಸಮೇತ ಊರಿಗೆ ಬಂದಳು. ಸಸ್ಪೆಂಡ್ ಆಗಿದೆ, ವಿಚಾರಣೆ ನಡೆಯುತ್ತಿದೆ ಎಂದು ಸುದ್ದಿ ಬಂತು. ಶಾಮಣ್ಣನವರು ಓಡಿದರು. ಇಂದಿರಮ್ಮ ಮುಖ ನೋಡದೆ ಕಾಫಿ ತಂದಿಟ್ಟು ಒಳಗೆ ಹೋದರಂತೆ. ಸುಮೇಧಾ ಕೂಗಾಡಲಿಲ್ಲ. ವರದಿ ಓದುವವಳಂತೆ ಹೇಳಿದಳು.

"ಸಾರ್, ನಾನು ಅಳೆಯೋ ಕ್ರಮವನ್ನ ಮಾತ್ರ ಹೇಳಿದ್ದು, ಅಂಕಿಗಳನ್ನ ನಮ್ಮ ಮೇಷ್ಟ್ರೇ ಚಿನಕುರಳಿಯಲ್ಲಿ ಅಳೆದುಕೊಂಡರು ಅಂತ ವಿಚಾರಣೆಯಲ್ಲಿ ಬರೆದುಕೊಟ್ಟಿದ್ದೀನಿ. ನಿಮ್ಮನ್ನ ಕೇಳಿ ಕಾಗದ ಬರುತ್ತೆ. ಹೌದು ಅಂತ ಎರಡು ಸಾಲು ಬರೆದರೆ ಸಾಕು."

ಅವರು ತಲೆಯಾಡಿಸಿದರು. ಹೆಸರು ಹಾಕಿದ್ದು ನಿನಗೆ ಒಳ್ಳೆಯದಾಗಲಿ ಎಂದೇ, ಮೇಲಿನವರ ಕಣ್ಣಿಗೆ ಬೀಳಲಿ ಎಂದೇ ಎಂದು ಏನೇನೋ ಹೇಳಲು ಹೋದರು. ಅವಳು ತಡೆದು, "ಒಂದು ಮಾತು ಕೇಳಿದ್ದರೆ ಬೇಡ ಅಂತಿದ್ದೆ" ಎಂದಳು. ಇದನ್ನು ಅವರು ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ.

ಕಾರ್ಖಾನೆಯ ಕಾಗದ ಜೂನ್ ಮೊದಲ ವಾರದಲ್ಲಿ ಬಂತು. ಹದಿನೈದು ದಿನದೊಳಗೆ ಉತ್ತರ ಬೇಕು: ಲೇಖನಕ್ಕೆ ಆಧಾರವಾದ ಅಂಕಿಅಂಶಗಳನ್ನು ತಾವೇ ಅಳೆದಿರುವಿರಾ? ರವೀಂದ್ರ ಮೋಟಾರ್ ಸೈಕಲಿನಲ್ಲಿ ಬಂದು ಅವರ ಎದುರು ಕುಕ್ಕರುಗಾಲಿನಲ್ಲಿ ಕೂತ.

"ಒಂದ್ ಸುಳ್ಳ ಹೇಳ್ಬುಡಿ ಮೇಷ್ಟ್ರೇ. ನಮ್ ಶೆಡ್ನಲ್ಲೇ ಅಳ್ದೋ ಅನ್ನಿ. ನಾನೂ ರುಜು ಆಕ್ಕೊಡ್ತೀನಿ, ನಮ್ಮಪ್ಪನ್ ಕೈಲೂ ಆಕುಸ್ತೀನಿ."

ಆಗಲಿ ಎಂದು ಪೆನ್ನು ತೆಗೆದವರ ಕೈ ಓಡಲಿಲ್ಲ. ಎರಡು ದಿನ ಬಿಳಿ ಹಾಳೆಯನ್ನು ನೋಡಿಕೊಂಡು ಕೂತರು. ಮೂರನೆಯ ದಿನ ಬಸ್ಸಿನಲ್ಲಿ ಅವರ ಮುಖ ಬೆಳಗುತ್ತಿತ್ತು. ಸುಳ್ಳನ್ನು ಬರೆಯುವುದು ಬೇಕಿಲ್ಲ, ಅದನ್ನೇ ನಿಜ ಮಾಡಿಬಿಟ್ಟರೆ ಆಯಿತು ಎಂದರು. ಚಿನಕುರಳಿಯಲ್ಲೇ ಅಳೆದು, ಆಮೇಲೆ ಅಳೆದಿದ್ದೇವೆ ಎಂದು ಬರೆಯುವುದು. ಡ್ರಮ್ಮಿಲ್ಲದೆ ಹೇಗೆ ಎಂದು ನಾನು ಕೇಳಿದೆ. ಅವರು ನನ್ನ ಪೇಪರಿನ ಅಂಚಿನಲ್ಲೇ ಚಿತ್ರ ಬರೆದು ತೋರಿಸಿದರು. ಟ್ರ್ಯಾಕ್ಟರಿನ ಹಿಂದೆ ಎರಡು ಚಕ್ರದ ಒಂದು ಚೌಕಟ್ಟು. ಎರಡೂ ಟೈರುಗಳು ಮೂಗು ಒಳಕ್ಕೆ ಮಾಡಿಕೊಂಡು ಎರಡೆರಡು ಡಿಗ್ರಿ ಓರೆ. ಎಳೆದಾಗ ಅವು ಒಂದನ್ನೊಂದು ನೂಕುತ್ತವೆ, ನಡುವೆ ಕೂತ ಸ್ಪ್ರಿಂಗ್ ತಕ್ಕಡಿ ಆ ನೂಕನ್ನು ಕಿಲೋ ಲೆಕ್ಕದಲ್ಲಿ ಹೇಳುತ್ತದೆ. ಮೇಲೆ ಹೊರೆಗೆ ಕ್ವಾರಿಯ ಕಲ್ಲು.

ನಾನು ಆಗಲೂ, ದಿನ ಮೀರುತ್ತದೆ, ಮೊದಲು ಎರಡು ಸಾಲು ಬರೆಯಿರಿ ಎಂದು ಒತ್ತಾಯಿಸಲಿಲ್ಲ. ಚಿತ್ರ ಅಷ್ಟು ಚೆನ್ನಾಗಿತ್ತು.

ಪಾಂಡವಪುರದಲ್ಲಿ ಚೌಕಟ್ಟು ಬೆಸೆಸಲು ಐದು ದಿನ ಹಿಡಿಯಿತು. ಮೊದಲ ಎಳೆತಕ್ಕೇ ಒಂದು ಬೆಸುಗೆ ಬಿಟ್ಟಿತು. ಮತ್ತೆ ಬೆಸೆಸಿದರೆ ತಕ್ಕಡಿಯ ಮುಳ್ಳು ಗಡಗಡ ನಡುಗಿ ಓದಲು ಬಾರದೆ ಹೋಯಿತು. ಅದನ್ನು ಹಳೆಯ ಸ್ಕೂಟರಿನ ಶಾಕ್ ಅಬ್ಸಾರ್ಬರ್ ಕಟ್ಟಿ ಸಮಾಧಾನಪಡಿಸಿದರು. ರವೀಂದ್ರ ಟ್ರ್ಯಾಕ್ಟರು ಓಡಿಸುತ್ತಿದ್ದ, ಶಾಮಣ್ಣನವರು ಕೋಟಿನ ಸಮೇತ ಕಲ್ಲುಗಳ ಮೇಲೆ ಕವುಚಿ ಮಲಗಿ ಮುಳ್ಳು ಓದುತ್ತಿದ್ದರು, ಕೆ.ಆರ್. ಪೇಟೆ ರಸ್ತೆಯ ಬಸ್ಸುಗಳು ನಿಧಾನಿಸಿ, ಕಿಟಕಿಗಳಿಂದ ಜನ ಇಣುಕಿ ನೋಡಿ ಹೋಗುತ್ತಿದ್ದರು. ಹದಿನಾಲ್ಕನೆಯ ದಿನ, ಇನ್ನೂ ಅರ್ಧ ಅಂಕಿಗಳು ಬಾಕಿಯಿರುವಾಗ, ವಿವರಗಳು ಸಿದ್ಧವಾಗುತ್ತಿವೆ, ದಯವಿಟ್ಟು ಹತ್ತು ದಿನ ಅವಕಾಶ ಕೊಡಿ ಎಂದು ಕಾರ್ಖಾನೆಗೆ ತಂತಿ ಕೊಟ್ಟರು. ಬೇರಾವ ಉತ್ತರವೂ ಅಷ್ಟು ಕೆಡುಕು ಮಾಡುತ್ತಿರಲಿಲ್ಲ. ಆರು ತಿಂಗಳ ಹಿಂದೆಯೇ ಅಳೆದಿದ್ದವರಿಗೆ ಹೌದು ಎನ್ನಲು ಹತ್ತು ದಿನ ಯಾಕೆ ಬೇಕು?

ಅಂಕಿಗಳು ಪೂರ್ತಿಯಾದವು. ಹರಿದುಬಿಡಬೇಕಿದ್ದ ಹಾಳೆಯ ಪಕ್ಕದಲ್ಲಿಟ್ಟು ನೋಡಿದರೆ ನೂರಕ್ಕೆ ಐದರಷ್ಟೂ ವ್ಯತ್ಯಾಸವಿರಲಿಲ್ಲ. ಅಂದವಾಗಿ ಗೆರೆ ಎಳೆದು, ತಾವೂ ರವೀಂದ್ರನೂ ಸಹಿ ಹಾಕಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಒಂದು ಪ್ರತಿಯನ್ನು ಹಿಡಿದು ಶಾಮಣ್ಣನವರು ಸುಮೇಧಾಳ ಮನೆಗೆ ಹೊರಟರು. ಆ ದಿನ ನಾನೂ ಜೊತೆಯಲ್ಲಿದ್ದೆ. ಅವಳು ಜಗುಲಿಯ ಮೇಲೆ ಕೂತಿದ್ದಳು. ಕೆಲಸದಿಂದ ತೆಗೆದುಹಾಕಿದ ಆದೇಶ ಬೆಳಗಿನ ಅಂಚೆಯಲ್ಲೇ ಬಂದಿತ್ತು. ಅದನ್ನು ಅವಳು ಹೇಳುವ ಮೊದಲೇ ಮೇಷ್ಟ್ರು ತಮ್ಮ ಹಾಳೆಯನ್ನು ಅವಳ ಕೈಗೆ ಕೊಟ್ಟುಬಿಟ್ಟಿದ್ದರು. ಅವಳು ಓದಿದಳು, ಪೂರ್ತಿ ಓದಿದಳು, ಬೆರಳಿನಿಂದ ಗೆರೆಯ ಮೇಲೆ ಸವರಿದಳು. ಕೆಲಸ ಗೊತ್ತಿದ್ದವಳ ಮೆಚ್ಚುಗೆ ಒಂದು ಕ್ಷಣ ಅವಳ ಮುಖದ ಮೇಲೆ ಹಾದುಹೋದದ್ದನ್ನು ನಾನು ನೋಡಿದೆ.

"ಚೆನ್ನಾಗಿ ಬಂದಿದೆ ಸಾರ್. ಟ್ರ್ಯಾಕ್ಟರಿನಲ್ಲಿ ಇಷ್ಟು ಸಿಗುತ್ತೆ ಅಂದರೆ ನಮ್ಮ ಲ್ಯಾಬಿನವರು ನಂಬಲ್ಲ." ಆಮೇಲೆ ಹಾಳೆಯನ್ನು ಮಡಿಸುತ್ತ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು: "ಎರಡು ವರ್ಷದ ಹಿಂದೇನೇ ಇದನ್ನ ಮಾಡಬಹುದಿತ್ತಲ್ಲ ಸಾರ್?"

ಶಾಮಣ್ಣನವರು ಹಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಕೈ ಚಾಚಿದರು. ಅವಳು ಪಕ್ಕದಲ್ಲಿದ್ದ ಆದೇಶವನ್ನು ಅವರ ಕೈಗೆ ಕೊಟ್ಟಳು. ಓದಿ ಮುಗಿಸಿದವರು ಜಗುಲಿಯ ಕಂಬಕ್ಕೆ ಕೈಯೂರಿ ನಿಂತೇ ಇದ್ದರು. ಕೊನೆಗೆ ನಾನು ತೋಳು ಹಿಡಿದು ಕರೆದುಕೊಂಡು ಬರಬೇಕಾಯಿತು.

ಆಮೇಲೆ ನಡೆದದ್ದು ಹೆಚ್ಚಿಲ್ಲ. ಸುಮೇಧಾಳಿಗೆ ಬೇರಾವ ಟೈರು ಕಾರ್ಖಾನೆಯೂ ಬಾಗಿಲು ತೆರೆಯಲಿಲ್ಲ; ಒಂದು ವರ್ಷ ಮನೆಯಲ್ಲಿದ್ದು, ಕೆ.ಆರ್. ಪೇಟೆಯ ಒಂದು ಖಾಸಗಿ ಐಟಿಐನಲ್ಲಿ ಡ್ರಾಯಿಂಗ್ ಕಲಿಸುವ ಕೆಲಸ ಹಿಡಿದಳು. ರವೀಂದ್ರ ಇನ್ನೊಂದು ರೇಸು ಓಡಿ, ಕಾರು ಮಾರಿ, ಅಪ್ಪನ ಡೇರಿ ನೋಡಿಕೊಂಡ. ಮೇಷ್ಟ್ರ ಟೈರು ಹುಚ್ಚು ಅಲ್ಲಿಗೇ ನಿಂತಿತು. ಕಾರ್ಖಾನೆಗೆ ಮೂರು ಕಾಗದ ಬರೆದರು, ತಪ್ಪೆಲ್ಲ ತಮ್ಮದೆಂದು. ಉತ್ತರ ಬರಲಿಲ್ಲ. ಬೆಳಗಿನ ಏಳೂವರೆಯ ಬಸ್ಸಿಗೆ ಸುಮೇಧಾಳೂ ಬಂದು ನಿಲ್ಲುತ್ತಿದ್ದಳು, ಪಾಂಡವಪುರದಲ್ಲಿ ಇಳಿದು ಬಸ್ಸು ಬದಲಿಸಲು. ನಮಸ್ಕಾರ ಸಾರ್ ಎನ್ನುತ್ತಿದ್ದಳು, ಮೊದಲಿನ ಹಾಗೆಯೇ. ಅವರು ಕೈ ಮುಗಿದು, ಏನೋ ಮರೆತವರಂತೆ ಹಿಂದಕ್ಕೆ ಹೊರಟು, ಎಂಟು ಗಂಟೆಯ ಬಸ್ಸಿಗೆ ಬರುತ್ತಿದ್ದರು. ಮೊದಲ ಪೀರಿಯಡ್ಡಿಗೆ ದಿನವೂ ತಡ. ತೊಂಬತ್ತೆಂಟರಲ್ಲಿ ನಿವೃತ್ತರಾಗುವ ತನಕ ಅದೇ ನಡೆಯಿತು, ಪ್ರಿನ್ಸಿಪಾಲರ ಮೆಮೊ ಬಂದರೂ ಕಾರಣ ಹೇಳಲಿಲ್ಲ.

ಇಂಥವರನ್ನು ನಾನು ಬೇರೆ ಕಡೆಯೂ ಕಂಡಿದ್ದೇನೆ, ಕಚೇರಿಗಳಲ್ಲಿ, ಶಾಲೆಗಳಲ್ಲಿ, ದೇವಸ್ಥಾನದ ಪಡಸಾಲೆಗಳಲ್ಲಿ. ಕೂದಲೆಳೆಯಷ್ಟು ಅಸತ್ಯವೂ ತಮ್ಮನ್ನು ಸೋಕಬಾರದೆಂದು ಬದುಕುವವರು. ಅವರ ಪಕ್ಕದಲ್ಲಿ ಕೂತು ಪ್ರಯಾಣ ಮಾಡುವುದು ನಮಗೆ ಹಿತ. ನಾವೂ ಒಂದಿಷ್ಟು ಶುಚಿಯಾದಂತೆ ಅನ್ನಿಸುತ್ತದೆ, ಅದಕ್ಕೇ ಅವರನ್ನು ತಡೆಯುವುದಿಲ್ಲ, ತಿದ್ದುವುದಿಲ್ಲ, ಸೊಗಸಾಗಿದೆ ಎಂದು ಹಾಳೆಯನ್ನು ಹಿಂದಿರುಗಿಸುತ್ತೇವೆ. ಅವರು ಕೆಟ್ಟದ್ದನ್ನು ಎಣಿಸಿದವರಲ್ಲ. ತಮ್ಮ ನಿಷ್ಠೆಗೆ ತಗಲುವ ನೋವನ್ನೆಲ್ಲ ತಾವೇ ಉಣ್ಣುತ್ತೇವೆಂದು ನಂಬಿರುತ್ತಾರೆ, ಉಣ್ಣಲು ಸಿದ್ಧರೂ ಆಗಿರುತ್ತಾರೆ. ಅದು ದಾರಿ ತಪ್ಪಿ ತಮ್ಮನ್ನು ನಂಬಿದ ಇನ್ನೊಬ್ಬರ ಮನೆಯ ಜಗುಲಿ ಹತ್ತಿದ ದಿನ, ಅವರಷ್ಟು ದಿಕ್ಕೆಟ್ಟು ನಿಲ್ಲುವವರನ್ನು ನಾನು ಕಂಡಿಲ್ಲ.